ಗಾಲೆಯಿಂದ ತಂಗಲ್ಲೆಗೆ, ಕಡಲಂಚಿನ ಹಳೇ ರಸ್ತೆಯಲ್ಲಿ

ಕೊಲಂಬೊದಿಂದ ಶ್ರೀಲಂಕಾದ ದಕ್ಷಿಣ ತೀರಕ್ಕೆ ಹೋಗಲು ಎರಡು ದಾರಿಗಳಿವೆ. ಒಂದು ಸದರ್ನ್ ಎಕ್ಸ್‌ಪ್ರೆಸ್‌ವೇ. 2011ರಲ್ಲಿ ಗಾಲೆವರೆಗೆ, 2014ರಲ್ಲಿ ಮಾತರವರೆಗೆ ಬಂದು, 2020ರಲ್ಲಿ ಹಂಬನ್‌ತೋಟದ ಕಡೆಗೂ ಚಾಚಿಕೊಂಡ ರಸ್ತೆ ಅದು. ನುಣ್ಣಗಿದೆ, ವೇಗವಾಗಿ ಹೋಗಬಹುದು. ಆದರೆ ಒಳನಾಡಿನ ಗದ್ದೆ, ರಬ್ಬರ್ ತೋಟಗಳ ನಡುವೆ ಸಾಗುತ್ತದೆ. ಸಮುದ್ರ ಕಾಣುವುದಿಲ್ಲ. ಇನ್ನೊಂದು ಹಳೇ ಎ2 ರಸ್ತೆ. ಇದು ಊರೂರಿನ ಪೇಟೆಗೂ ನುಗ್ಗುತ್ತದೆ, ಬಸ್ಸುಗಳ ಹಿಂದೆ ತೆವಳುತ್ತದೆ. ಎಷ್ಟೋ ಕಡೆ ಅಲೆಗೂ ಟಾರಿಗೂ ನಡುವೆ ಒಂದು ಸಾಲು ತೆಂಗಿನ ಮರ ಬಿಟ್ಟರೆ ಬೇರೇನೂ ಇರುವುದಿಲ್ಲ.

ಸಮುದ್ರ ನೋಡಲೆಂದೇ ಬಂದವರು ಎಕ್ಸ್‌ಪ್ರೆಸ್‌ವೇ ಹತ್ತಬಾರದು ಅಂತ ನನ್ನ ಗಟ್ಟಿ ಅಭಿಪ್ರಾಯ. ಗಾಲೆಯಿಂದ ತಂಗಲ್ಲೆಗೆ ಸುಮಾರು 80 ಕಿ.ಮೀ. ಅಷ್ಟಕ್ಕೆ ಇಡೀ ಒಂದು ಹಗಲು ಎತ್ತಿಡಿ ಅಂತ ಯಾರು ಕೇಳಿದರೂ ಹೇಳುತ್ತೇನೆ.

ನಾವು ಹೋಗಿದ್ದು ಮಾರ್ಚ್ ತಿಂಗಳಲ್ಲಿ. ಅಕ್ಕ, ಭಾವ ಮತ್ತು ನಾನು. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಈ ತೀರದಲ್ಲಿ ಕಡಲು ಶಾಂತವಾಗಿರುತ್ತದೆ. ಮೇ ಹೊತ್ತಿಗೆ ನೈರುತ್ಯ ಮುಂಗಾರು ಬಂದು ಎಲ್ಲ ಬದಲಾಗುತ್ತದೆ. ಅಲ್ಲಿ ವಾಹನಗಳು ರಸ್ತೆಯ ಎಡಗಡೆಯೇ ಓಡುವುದರಿಂದ ಭಾವನಿಗೆ ತಾನೇ ಓಡಿಸುವ ಆಸೆ ಇತ್ತು. ಆದರೆ ವಿದೇಶಿಯರು ಅದಕ್ಕೆ ಅಲ್ಲಿನ ಅನುಮತಿ ಪಡೆಯಬೇಕು. ಕೊನೆಗೆ ಡ್ರೈವರ್ ಸಮೇತ ಒಂದು ಸಣ್ಣ ವ್ಯಾನ್ ಗೊತ್ತುಮಾಡಿದೆವು. ಅದೇ ಒಳ್ಳೆಯದಾಯಿತು. ಐವತ್ತರ ಆಸುಪಾಸಿನ ಆ ಮನುಷ್ಯ ಇದೇ ತೀರದವರು. ಅಲ್ಲಿಯ ರೂಢಿಯಂತೆ ನಾವು ಅವರನ್ನು ಅಯ್ಯಾ ಅಂತ ಕರೆದೆವು. ಸಿಂಹಳದಲ್ಲಿ ಅಯ್ಯಾ ಅಂದರೆ ಅಣ್ಣ. ಅವರೂ ನಮ್ಮ ಅಕ್ಕನನ್ನು ಅಕ್ಕಾ ಅಂತಲೇ ಕರೆಯುತ್ತಿದ್ದರು.

ಶುಕ್ರವಾರ: ಕೊಲಂಬೊದಿಂದ ಗಾಲೆ

ಮೊರಟುವ, ಪಾಣದುರ ದಾಟುವವರೆಗೂ ಪೇಟೆಯೋ ಪೇಟೆ. ಬೆಳಿಗ್ಗೆ ಆರಕ್ಕೇ ಹೊರಟಿದ್ದರಿಂದ ಬೇಗ ಕಳೆಯಿತು. ಕಳುತರದಲ್ಲಿ ಕಳು ಗಂಗೆಯ ಸೇತುವೆ ದಾಟಿದ ಕೂಡಲೇ ಅಯ್ಯಾ ವ್ಯಾನ್ ನಿಲ್ಲಿಸಿದರು. ರಸ್ತೆ ಪಕ್ಕದಲ್ಲೇ ಬೋಧಿವೃಕ್ಷ. ಅದರ ಆಚೆ ದೊಡ್ಡ ಬಿಳಿ ಸ್ತೂಪ. ನಮ್ಮ ಮುಂದೆ ನಿಂತಿದ್ದ ಬಸ್ಸಿನ ಕಂಡಕ್ಟರ್ ಕೆಳಗೆ ಹಾರಿ, ಓಡಿ ಹೋಗಿ ಹುಂಡಿಗೆ ನಾಣ್ಯ ಹಾಕಿ, ಕೈ ಮುಗಿದು, ಹೊರಟೇಬಿಟ್ಟ ಬಸ್ಸನ್ನು ಮತ್ತೆ ಹತ್ತಿದ. ದಕ್ಷಿಣಕ್ಕೆ ಹೋಗುವ ಡ್ರೈವರ್‌ಗಳು ಇಲ್ಲಿ ಕಾಣಿಕೆ ಹಾಕದೆ ಮುಂದೆ ಹೋಗುವುದಿಲ್ಲವಂತೆ. ಅಯ್ಯಾ ಹಾಕಿದರು, ಅಕ್ಕನೂ ಹಾಕಿದಳು. ಸ್ತೂಪದ ಒಳಗೆ ಹೋಗಿ ನಿಲ್ಲಬಹುದು. ಸಾಮಾನ್ಯವಾಗಿ ಸ್ತೂಪಗಳು ಒಳಗೆಲ್ಲ ತುಂಬಿಕೊಂಡಿರುತ್ತವೆ. ಇದು ಟೊಳ್ಳು. ಮೆಲ್ಲಗೆ ಮಾತಾಡಿದರೂ ದನಿ ಗುಮ್ಮಟ ಸುತ್ತಿ ಬರುತ್ತದೆ.

ಬೆಂಟೋಟ ಹೆಸರಾಂತ ಬೀಚ್. ವಾಸ್ತುಶಿಲ್ಪಿ ಜೆಫ್ರಿ ಬಾವಾ ದಶಕಗಳ ಕಾಲ ಬೆಳೆಸಿದ ಲುನುಗಂಗಾ ತೋಟವೂ ಅಲ್ಲೇ ಹತ್ತಿರ. ನಾವು ನಿಲ್ಲಲಿಲ್ಲ. ಬಾಲಪಿಟಿಯದಲ್ಲಿ ಮಾದು ಗಂಗಾದ ದೋಣಿ ಹತ್ತಬೇಕಿತ್ತು.

ಮಾದು ಗಂಗಾ ಅಂದರೆ ಸಮುದ್ರಕ್ಕೆ ಸೇರುವ ಮೊದಲು ಕೆರೆಯಂತೆ ಹರಡಿ ನಿಂತ ನೀರು. ಅದರೊಳಗೆ ಕಾಂಡ್ಲಾ ಕಾಡು, ಚಿಕ್ಕ ಚಿಕ್ಕ ದ್ವೀಪಗಳು. 2003ರಲ್ಲಿ ಇದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೆ ಸೇರಿತು. ದೋಣಿ ಕಾಂಡ್ಲಾ ಬೇರುಗಳ ಸುರಂಗದಲ್ಲಿ ನುಸುಳುವುದು ಚೆನ್ನಾಗಿದೆ. ಆದರೆ ನನಗೆ ಹಿಡಿಸಿದ್ದು ಒಂದು ದ್ವೀಪದ ಮನೆಯಂಗಳದಲ್ಲಿ ಕಂಡ ಕೆಲಸ. ವಯಸ್ಸಾದವರೊಬ್ಬರು ನೆಲದ ಮೇಲೆ ಕೂತು ದಾಲ್ಚಿನ್ನಿ ಸುಲಿಯುತ್ತಿದ್ದರು. ಬೆರಳಿಗಿಂತ ಸ್ವಲ್ಪ ದಪ್ಪದ ಹಸಿ ಕೊಂಬೆ. ಮೊದಲು ಹೊರಗಿನ ಒರಟು ಸಿಪ್ಪೆಯನ್ನು ಹೆರೆದು ತೆಗೆದರು. ಆಮೇಲೆ ಹಿತ್ತಾಳೆ ಸರಳಿನಿಂದ ಕೊಂಬೆಯನ್ನು ಉದ್ದಕ್ಕೂ ಬಲವಾಗಿ ಉಜ್ಜಿದರು. ಉಜ್ಜಿದಾಗ ಒಳತೊಗಟೆ ಮರದಿಂದ ಸಡಿಲವಾಗುತ್ತದೆ. ಮೇಲೊಂದು ಕೆಳಗೊಂದು ಉಂಗುರದ ಹಾಗೆ ಗೀರು, ನಡುವೆ ಉದ್ದಕ್ಕೆ ಒಂದು ಗೀರು. ಚಾಕು ತುದಿ ಒಳಗಿಟ್ಟು ಒಂದು ಸಲ ಎಬ್ಬಿಸಿದರೆ ಸಾಕು, ತೊಗಟೆ ಇಡಿಯಾಗಿ ಕೈಗೆ ಬರುತ್ತದೆ. ಕಾಗದದಷ್ಟು ತೆಳು. ಒಣಗಿದಂತೆ ತಾನೇ ಸುರುಳಿಯಾಗುತ್ತದೆ. ಆ ಸುರುಳಿಯೊಳಗೆ ಚೂರುಗಳನ್ನು ತುಂಬಿ ಕೊಳವೆ ಮಾಡುತ್ತಾರೆ. ಅಕ್ಕ ಮೂಸಿ ನೋಡಿ, "ಇದು ನಮ್ಮ ಚಕ್ಕೆ ಥರ ಖಾರ ಇಲ್ಲ, ಸಿಹಿ ವಾಸನೆ" ಅಂದಳು. ಅವಳು ಹೇಳಿದ್ದು ಸರಿ. ನಮ್ಮ ಅಂಗಡಿಗಳಲ್ಲಿ ಸಿಗುವ ದಪ್ಪ ಚಕ್ಕೆ ಹೆಚ್ಚಾಗಿ ಕ್ಯಾಸಿಯಾ, ಬೇರೆ ಜಾತಿ. ಈ ತೆಳು ತೊಗಟೆಗಾಗಿಯೇ ಪೋರ್ಚುಗೀಸರು, ಡಚ್ಚರು, ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ಈ ತೀರದಲ್ಲಿ ಕೋಟೆ ಕಟ್ಟಿ ಕಾದಾಡಿದರು. ಮುಂದೆ ಗಾಲೆಯಲ್ಲಿ, ಮಾತರದಲ್ಲಿ ಕೋಟೆ ನೋಡುವಾಗಲೆಲ್ಲ ನನಗೆ ಆ ಹಿತ್ತಾಳೆ ಸರಳೇ ನೆನಪಾಗುತ್ತಿತ್ತು.

ಹಿಕ್ಕಡುವ ಬರುವ ಮೊದಲು ಪೆರಲಿಯ. ಅಯ್ಯಾ ಇಲ್ಲಿ ನಾವು ಕೇಳದೆಯೇ ನಿಲ್ಲಿಸಿದರು. 2004ರ ಡಿಸೆಂಬರ್ 26. ಅಂದು ಭಾನುವಾರ, ಜೊತೆಗೆ ಹುಣ್ಣಿಮೆಯ ಪೋಯ ರಜೆ. ಕೊಲಂಬೊದಿಂದ ಮಾತರಕ್ಕೆ ಹೊರಟ ರೈಲಿನಲ್ಲಿ ಊರಿಗೆ ಹೋಗುವವರು ತುಂಬಿದ್ದರು. ಸುನಾಮಿಯ ಮೊದಲ ಅಲೆಗೆ ರೈಲು ಇಲ್ಲಿ ನಿಂತಿತು. ಗಟ್ಟಿ ಉಕ್ಕಿನ ಬೋಗಿ, ಇದಕ್ಕೇನಾಗುತ್ತೆ ಅಂದುಕೊಂಡು ಊರಿನವರೂ ರೈಲು ಹತ್ತಿದರು, ಇನ್ನು ಕೆಲವರು ಅದರ ಮರೆಗೆ ನಿಂತರು. ಆಮೇಲೆ ಬಂದ ಅಲೆ ಬಹಳ ದೊಡ್ಡದು. ಸುಮಾರು 1,700 ಜನ ಸತ್ತರು. ಜಗತ್ತಿನ ರೈಲು ದುರಂತಗಳಲ್ಲೇ ಇಷ್ಟು ಜೀವ ಹೋದ ಇನ್ನೊಂದು ಇಲ್ಲ. ಇಡೀ ದ್ವೀಪದಲ್ಲಿ ಅಂದು ಸತ್ತವರು, ಕಾಣೆಯಾದವರು 35,000ಕ್ಕೂ ಜಾಸ್ತಿ.

ಈಗ ಅಲ್ಲಿ ನೀರಿನ ನಡುವೆ ನಿಂತ ಬುದ್ಧನ ಎತ್ತರದ ಮೂರ್ತಿ ಇದೆ. ಅಫ್ಘಾನಿಸ್ತಾನದ ಬಾಮಿಯಾನ್‌ನಲ್ಲಿ ಒಡೆದು ಹಾಕಿದ ಬುದ್ಧನ ಮಾದರಿಯಲ್ಲಿ, ಜಪಾನಿನವರ ನೆರವಿನಿಂದ ಮಾಡಿದ್ದು. ಮುಖ ಸಮುದ್ರದ ಕಡೆಗೆ. ನಾವು ನೋಡುತ್ತಿದ್ದಾಗಲೇ ಒಂದು ರೈಲು ಹಾದುಹೋಯಿತು. ಬಾಗಿಲಲ್ಲಿ ಕೂತ ಹುಡುಗರು ಕಾಲು ಇಳಿಬಿಟ್ಟುಕೊಂಡು ಕೈ ಬೀಸಿದರು. ಹಳಿ ಅದೇ ಜಾಗದಲ್ಲಿದೆ, ಮನೆಗಳೂ ಅಲ್ಲೇ ಎದ್ದಿವೆ. "ಹೆದರಿಕೆ ಆಗಲ್ವಾ?" ಅಂತ ಅಕ್ಕ ಕೇಳಿದಳು. "ಮೀನು ಸಮುದ್ರದಲ್ಲಿದೆ ಅಕ್ಕಾ, ನಾವು ಎಲ್ಲಿಗೆ ಹೋಗೋದು?" ಅಂದರು ಅಯ್ಯಾ. ತೀರದಿಂದ ಇಂತಿಷ್ಟು ದೂರ ಬಿಟ್ಟು ಮನೆ ಕಟ್ಟಿ ಅಂತ ಸರ್ಕಾರ ಆಗ ನಿಯಮ ತಂದಿತ್ತು. ಎಷ್ಟೋ ಕುಟುಂಬಗಳು ಒಳಗೆ ಹೋದವು. ಎಷ್ಟೋ ಕುಟುಂಬಗಳು ವಾಪಸ್ ಬಂದವು.

ಗಾಲೆ ಕೋಟೆಗೆ ಸಂಜೆಯೇ ಹೋಗಬೇಕು. ಹಗಲು ಕಲ್ಲು ಕಾಯ್ದು ಕಾಲಿಡಲಾಗುವುದಿಲ್ಲ. 1588ರಲ್ಲಿ ಪೋರ್ಚುಗೀಸರು ಶುರು ಮಾಡಿದ ಕೋಟೆ. 1640ರಲ್ಲಿ ಡಚ್ಚರು ಗೆದ್ದು ಈಗಿನ ರೂಪಕ್ಕೆ ತಂದರು. 1796ರಲ್ಲಿ ಇಂಗ್ಲಿಷರ ಕೈಗೆ ಹೋಯಿತು. 1988ರಿಂದ ವಿಶ್ವ ಪರಂಪರೆ ತಾಣ. ಗೋಡೆಯ ಮೇಲೆ ನಡೆದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಹೆಂಚಿನ ಮಾಡುಗಳು. ಒಳಗೆ ಈಗಲೂ ಜನ ವಾಸವಿದ್ದಾರೆ. ಶಾಲೆ ಇದೆ, ಕೋರ್ಟು ಇದೆ. ಲೈಟ್‌ಹೌಸ್ ಎದುರಿನ ಮೀರಾನ್ ಮಸೀದಿ ದೂರಕ್ಕೆ ಚರ್ಚಿನ ಹಾಗೇ ಕಾಣುತ್ತದೆ. ಸುನಾಮಿಯ ದಿನ ಕೋಟೆಯ ಹೊರಗಿನ ಬಸ್ ನಿಲ್ದಾಣ, ಪೇಟೆ ಎಲ್ಲ ಕೊಚ್ಚಿಹೋದವು. ಈ ಗೋಡೆ ಒಳಗಿನವರನ್ನು ಬಹುಮಟ್ಟಿಗೆ ಕಾಪಾಡಿತು.

ಭಾವ ಮಾತ್ರ ಇದನ್ನೆಲ್ಲ ಬಿಟ್ಟು ಉತ್ತರದ ಗೋಡೆಯ ಮೇಲೆ ನಿಂತುಬಿಟ್ಟಿದ್ದ. ಅಲ್ಲಿಂದ ಕ್ರಿಕೆಟ್ ಮೈದಾನ ಪೂರ್ತಿ ಕಾಣುತ್ತದೆ. 2010ರ ಜುಲೈ 22ರಂದು ಮುರಳೀಧರನ್ ತಮ್ಮ ಕೊನೆಯ ಟೆಸ್ಟ್‌ನಲ್ಲಿ 800ನೇ ವಿಕೆಟ್ ತೆಗೆದಿದ್ದು ಇಲ್ಲೇ, ನಮ್ಮ ವಿರುದ್ಧವೇ. ಪ್ರಗ್ಯಾನ್ ಓಜಾ ಔಟ್, ಸ್ಲಿಪ್‌ನಲ್ಲಿ ಜಯವರ್ಧನೆ ಹಿಡಿದ ಕ್ಯಾಚು. ಭಾವ ಆ ಚೆಂಡು ಯಾವ ತುದಿಯಿಂದ ಬಂತು ಅಂತ ಕೈ ತೋರಿಸಿ ವಿವರಿಸಿದ. ಸುನಾಮಿಯಲ್ಲಿ ಈ ಮೈದಾನವೂ ಹಾಳಾಗಿತ್ತು. 2007ರ ಡಿಸೆಂಬರ್‌ನಲ್ಲಿ ಮತ್ತೆ ಟೆಸ್ಟ್ ನಡೆಯಿತು.

ಶನಿವಾರ: ಗಾಲೆಯಿಂದ ತಂಗಲ್ಲೆ

ಇದೇ ಆ ದಿನ. ಏಳು ಗಂಟೆಗೆ ಹೊರಟೆವು. ಒಂದು ಕಿವಿಮಾತು: ಗಾಲೆಯಿಂದ ಪೂರ್ವಕ್ಕೆ ಹೋಗುವಾಗ ಸಮುದ್ರ ನಿಮ್ಮ ಬಲಕ್ಕೆ. ಡ್ರೈವರ್ ಹಿಂದಿನ ಸೀಟು ಹಿಡಿಯಿರಿ.

ಮೊದಲ ನಿಲುಗಡೆ ರುಮಸ್ಸಲ. ಗಾಲೆ ಕೊಲ್ಲಿಯ ಆಚೆ ದಡದ ಕಾಡುಗುಡ್ಡ. ಹನುಮಂತ ಸಂಜೀವಿನಿ ಪರ್ವತ ಹೊತ್ತು ಬರುವಾಗ ಒಂದು ತುಂಡು ಇಲ್ಲಿ ಬಿತ್ತು ಅಂತ ಊರಿನವರ ನಂಬಿಕೆ. ಔಷಧಿ ಗಿಡಗಳು ಇಲ್ಲಿ ಜಾಸ್ತಿ ಅನ್ನುತ್ತಾರೆ. ಹನುಮಂತನ ಮೂರ್ತಿಯೂ ಇದೆ. ಅಕ್ಕ ಕೈ ಮುಗಿದು ಒಂದು ಎಲೆ ಕಿತ್ತು ಕಣ್ಣಿಗೊತ್ತಿಕೊಂಡಳು. ಮೇಲೆ ಜಪಾನಿನ ಬೌದ್ಧ ಭಿಕ್ಷುಗಳು ಕಟ್ಟಿಸಿದ ಬಿಳಿ ಶಾಂತಿ ಸ್ತೂಪ. ಅದರ ಕಟ್ಟೆಯಿಂದ ಇಡೀ ಗಾಲೆ ಕೋಟೆ, ಲೈಟ್‌ಹೌಸ್, ಬಂದರು ಒಂದೇ ನೋಟಕ್ಕೆ ಸಿಗುತ್ತವೆ. ಹಿಂದಿನ ಸಂಜೆ ನಡೆದ ಗೋಡೆಯನ್ನು ಬೆಳಗಿನ ಬಿಸಿಲಿನಲ್ಲಿ ಈ ಕಡೆಯಿಂದ ನೋಡುವುದು ತುಂಬ ಚೆನ್ನಾಗಿತ್ತು. ಉನಾವಟುನಕ್ಕೆ ಹೋಗುವ ಮುಕ್ಕಾಲು ಪಾಲು ಜನ ಈ ಗುಡ್ಡ ಹತ್ತುವುದೇ ಇಲ್ಲ.

ಉನಾವಟುನ, ದಲವೆಲ್ಲ, ತಲ್ಪೆ. ಇಲ್ಲಿ ರಸ್ತೆ ಮತ್ತು ಸಮುದ್ರ ಕಣ್ಣಾಮುಚ್ಚಾಲೆ ಆಡುತ್ತವೆ. ಹೋಟೆಲು, ಗೋಡೆ, ಹೋಟೆಲು, ಇದ್ದಕ್ಕಿದ್ದಂತೆ ನೀಲಿ. ದಲವೆಲ್ಲದಲ್ಲಿ ತೆಂಗಿನ ಮರಕ್ಕೆ ಹಗ್ಗ ಕಟ್ಟಿದ ಜೋಕಾಲಿಗೆ ಫೋಟೋ ಸಾಲು ಉದ್ದವಿತ್ತು. ನಾವು ಅದರ ಪಕ್ಕದ ಬಂಡೆಗಳ ನಡುವೆ, ಮೊಣಕಾಲಿನಷ್ಟು ನೀರಿನಲ್ಲಿ ನಿಂತೆವು. ಒಂದು ಕಡಲಾಮೆ ಪಾಚಿ ಮೇಯುತ್ತಾ ಹತ್ತಿರ ಬಂದು, ಒಮ್ಮೆ ತಲೆ ಎತ್ತಿ ಉಸಿರು ಬಿಟ್ಟು ಮುಂದೆ ಹೋಯಿತು. ಅಲ್ಲಿ ಆಮೆಗಳಿಗೆ ಪಾಚಿ ತಿನ್ನಿಸಿ, ಮುಟ್ಟಿ ಫೋಟೋ ತೆಗೆಸಿಕೊಳ್ಳುವವರೂ ಇದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಸುಮ್ನೆ ನಿಂತರೆ ಅವೇ ಬರುತ್ತವೆ.

ಕೊಗ್ಗಲದಲ್ಲಿ ನೀರಿನಲ್ಲಿ ಊರಿದ ಕಂಬಗಳ ಮೇಲೆ ಕೂತು ಮೀನು ಹಿಡಿಯುವವರನ್ನು ಎಲ್ಲರೂ ಚಿತ್ರಗಳಲ್ಲಿ ನೋಡಿರುತ್ತೀರಿ. ಬಹಳ ಪುರಾತನ ಪದ್ಧತಿ ಅಂತ ನಾನೂ ತಿಳಿದಿದ್ದೆ. ಆದರೆ ಇದು ಶುರುವಾಗಿದ್ದು ಎರಡನೇ ಮಹಾಯುದ್ಧದ ಕಾಲದಲ್ಲಿ. ಊಟಕ್ಕೆ ಬರ, ಬಂಡೆಗಳ ಮೇಲೆ ಗಾಳ ಹಾಕುವವರ ನೂಕುನುಗ್ಗಲು. ಕೆಲವರು ಮುರಿದು ಬಿದ್ದ ಹಡಗು, ವಿಮಾನಗಳ ಮೇಲೆ ಕೂತು ಮೀನು ಹಿಡಿದರು. ಆಮೇಲೆ ಹವಳದ ದಿಬ್ಬಗಳಲ್ಲಿ ಕಂಬ ನೆಟ್ಟರು. ಕಂಬಕ್ಕೆ ಅಡ್ಡಲಾಗಿ ಒಂದು ಕೋಲು ಕಟ್ಟಿರುತ್ತಾರೆ. ಅದರ ಮೇಲೆ ಕುಂಡಿ ಊರಿ, ಒಂದು ಕೈಯಲ್ಲಿ ಕಂಬ ತಬ್ಬಿ, ಇನ್ನೊಂದು ಕೈಯಲ್ಲಿ ಗಾಳ. ಸೊಂಟದಲ್ಲಿ ಚೀಲ. ಈಗ ಇಲ್ಲಿ ಕೂರುವವರಲ್ಲಿ ಹೆಚ್ಚಿನವರು ಪ್ರವಾಸಿಗರ ಕ್ಯಾಮೆರಾಗಾಗಿ ಕೂರುತ್ತಾರೆ, ದುಡ್ಡು ಕೇಳುತ್ತಾರೆ. ಇದನ್ನು ಮೋಸ ಅಂತ ಬೈಯುವವರ ಮಾತು ನನಗೆ ಒಪ್ಪಿಗೆಯಾಗಲಿಲ್ಲ. ಸುನಾಮಿ ಆದ ಮೇಲೆ ಮೀನೂ ಕಡಿಮೆ, ದಡವೂ ಬದಲಾಯಿತು. ಅಪ್ಪ ಕಲಿಸಿದ ವಿದ್ಯೆ ಮಗನಿಗೆ ಈ ರೀತಿಯಲ್ಲಿ ಅನ್ನ ಹಾಕುತ್ತಿದೆ. ಒಬ್ಬ ಹಿರಿಯರು ಕಂಬದಿಂದ ಇಳಿದು ಬಂದಾಗ ಅವರ ಪಾದದ ಒಳಭಾಗ ನೋಡಿದೆ. ಕಂಬಕ್ಕೆ ಒತ್ತಿ ಒತ್ತಿ ಚರ್ಮ ಗಟ್ಟಿಯಾಗಿ ಕಪ್ಪುಗಟ್ಟಿತ್ತು. ಒಂದೆರಡು ಸಲ ಪೋಸ್ ಕೊಟ್ಟರೆ ಆಗುವ ಗುರುತಲ್ಲ ಅದು. ನಾವು ಮೊದಲೇ ಮಾತಾಡಿ, ಅವರು ಕೇಳಿದ್ದನ್ನು ಕೊಟ್ಟೆವು.

ಇದೇ ಕೊಗ್ಗಲದ ಕೆರೆಯಿಂದ ಒಂದು ದೊಡ್ಡ ಕಥೆ ಎದ್ದಿದೆ. ಯುದ್ಧದ ವೇಳೆ ಇಲ್ಲಿ ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳಿದ್ದವು. 1942ರ ಏಪ್ರಿಲ್ 4ರಂದು ಕೆನಡಾದ ಲಿಯೊನಾರ್ಡ್ ಬರ್ಚಲ್ ಓಡಿಸುತ್ತಿದ್ದ ವಿಮಾನ ದ್ವೀಪದ ದಕ್ಷಿಣಕ್ಕೆ ಬರುತ್ತಿದ್ದ ಜಪಾನಿನ ನೌಕಾಪಡೆಯನ್ನು ಕಂಡಿತು. ರೇಡಿಯೊದಲ್ಲಿ ಸುದ್ದಿ ಕಳಿಸುತ್ತಿರುವಾಗಲೇ ಅದನ್ನು ಹೊಡೆದುರುಳಿಸಿದರು. ಆದರೆ ಕೊಲಂಬೊಗೆ ಎಚ್ಚರಿಕೆ ಮುಟ್ಟಿತ್ತು. ಮರುದಿನವೇ ದಾಳಿ ನಡೆಯಿತು. ಬರ್ಚಲ್ ಬದುಕುಳಿದು ಯುದ್ಧ ಮುಗಿಯುವವರೆಗೂ ಜಪಾನಿನಲ್ಲಿ ಸೆರೆಯಲ್ಲಿದ್ದರು. ಕೆರೆ ಈಗ ತಣ್ಣಗಿದೆ. ಪಕ್ಷಿಗಳು, ಸಣ್ಣ ದೋಣಿಗಳು.

ಅಹಂಗಮ, ಮಿಡಿಗಮದಲ್ಲಿ ಸರ್ಫಿಂಗ್ ಹಲಗೆ ಹೊತ್ತ ವಿದೇಶಿ ಹುಡುಗ ಹುಡುಗಿಯರು. ವೆಲಿಗಮ ಕೊಲ್ಲಿ ಅಗಲವಾದ ಅರ್ಧಚಂದ್ರ. ದಡದ ಹತ್ತಿರವೇ ತಪ್ರೊಬೇನ್ ಎಂಬ ಪುಟ್ಟ ದ್ವೀಪ. 1920ರ ದಶಕದಲ್ಲಿ ಕೌಂಟ್ ದ ಮೌನಿ ಅನ್ನುವವರು ಅಲ್ಲಿ ಬಂಗಲೆ ಕಟ್ಟಿದರು. ಇಳಿತದ ಹೊತ್ತಿಗೆ ನೀರಿನಲ್ಲಿ ನಡೆದೇ ಹೋಗಬಹುದಾದಷ್ಟು ಹತ್ತಿರ.

ಎಲ್ಲರೂ ಆ ದ್ವೀಪದ ಫೋಟೋ ತೆಗೆದು ಮುಂದೆ ಹೋಗುತ್ತಾರೆ. ನೀವು ಹಾಗೆ ಮಾಡಬೇಡಿ. ವೆಲಿಗಮ ಊರೊಳಗೆ, ರೈಲು ಹಳಿಯ ಹತ್ತಿರ ಕುಷ್ಟರಾಜಗಲ ಇದೆ. ಒಂದು ದೊಡ್ಡ ಬಂಡೆಯನ್ನು ಗೂಡಿನಂತೆ ಕೊರೆದು ಅದರೊಳಗೆ ಕೆತ್ತಿದ ಮೂರ್ತಿ. ಎರಡಾಳಿಗಿಂತ ಎತ್ತರ. ಚರ್ಮದ ಕಾಯಿಲೆ ಬಂದ ಒಬ್ಬ ರಾಜ ಇಲ್ಲಿಗೆ ಬಂದು, ಮೂರು ತಿಂಗಳು ಬರೀ ತೆಂಗು, ಎಳನೀರಿನಲ್ಲೇ ಇದ್ದು ವಾಸಿಯಾದ ಅಂತ ಕಥೆ. ತಿಳಿದವರು ಇದನ್ನು ಬೋಧಿಸತ್ವ ಅವಲೋಕಿತೇಶ್ವರ ಅನ್ನುತ್ತಾರೆ. ಕಿರೀಟದ ಹತ್ತಿರ ಕಣ್ಣು ಕಿರಿದು ಮಾಡಿ ನೋಡಿ. ಅದರಲ್ಲಿ ಧ್ಯಾನಕ್ಕೆ ಕೂತ ಪುಟಾಣಿ ಬುದ್ಧರಿದ್ದಾರೆ. ಮಳೆ, ಉಪ್ಪು ಗಾಳಿ ತಿಂದು ಮೂಗು ಸವೆದಿದ್ದರೂ ಆ ಕಿರೀಟದ ಕೆಲಸ ಇನ್ನೂ ಉಳಿದಿದೆ. ನಾವು ಹೋದಾಗ ಪಕ್ಕದಲ್ಲಿ ನಾಯಿ ಮಲಗಿಸಿಕೊಂಡಿದ್ದ ಒಬ್ಬ ಕಾವಲುಗಾರನನ್ನು ಬಿಟ್ಟರೆ ಯಾರೂ ಇರಲಿಲ್ಲ. ಹೊರಗೆ ಬಂದು ನಾವೂ ಕಿತ್ತಳೆ ಬಣ್ಣದ ತಂಬಿಲಿ ಎಳನೀರು ಕುಡಿದೆವು.

ಊಟ ಮಿರಿಸ್ಸ ದಾಟುವ ಮೊದಲು, ರಸ್ತೆ ಬದಿಯ ಮನೆಯಂಥ ಹೋಟೆಲಿನಲ್ಲಿ. ಅನ್ನ, ತೆಂಗಿನ ಹಾಲಿನ ಬೇಳೆ, ಬೀಟ್‌ರೂಟ್ ಪಲ್ಯ, ಎಳೆ ಹಲಸಿನ ಸಾರು. ಅಕ್ಕ ಮೀನು ತಿನ್ನುವುದಿಲ್ಲ. ಅಂಥವರಿಗೆ ಒಂದು ಎಚ್ಚರಿಕೆ: ಕಾಯಿತುರಿ, ಮೆಣಸು, ನಿಂಬೆ ಹಾಕಿ ಅರೆದ ಪೊಳ್ ಸಂಬೋಲ್ ನೋಡಲು ಬರೀ ಚಟ್ನಿ, ಆದರೆ ಅದರಲ್ಲಿ ಉಂಬಲಕಡ ಅನ್ನುವ ಒಣಮೀನಿನ ಚೂರು ಇರುತ್ತದೆ. ಮೊದಲೇ ಹೇಳಿದರೆ ಹಾಕದೆ ಮಾಡಿಕೊಡುತ್ತಾರೆ. ಭಾವ ಮತ್ತು ನಾನು ಅಂಬುಲ್ ತಿಯಲ್ ತಿಂದೆವು. ಸೂರೆ ಮೀನಿನ ತುಂಡುಗಳನ್ನು ಗೊರಕ ಹುಳಿಯಲ್ಲಿ ಒಣಗುವ ತನಕ ಬೇಯಿಸಿದ್ದು, ಈ ದಕ್ಷಿಣ ತೀರದ್ದೇ ಅಡುಗೆ. ಗೊರಕ ನಮ್ಮ ಉಪ್ಪಾಗೆಯ ಬಳಗ. ಆ ಹುಳಿಯಿಂದಾಗಿ ಫ್ರಿಜ್ ಇಲ್ಲದೆಯೂ ಕೆಲವು ದಿನ ಕೆಡದೆ ಉಳಿಯುತ್ತದೆ. ಕೊನೆಗೆ ಮಣ್ಣಿನ ಕುಡಿಕೆಯಲ್ಲಿ ಎಮ್ಮೆ ಮೊಸರು, ಮೇಲೆ ಕಿತುಲ್ ಅಂದರೆ ಬೈನೆ ಮರದ ಕಪ್ಪು ಜೋನಿಬೆಲ್ಲ. ಇದನ್ನು ಬಿಡಬೇಡಿ.

ಮಾತರದಲ್ಲಿ ನೀಲ್ವಳಾ ನದಿ ಸಮುದ್ರ ಸೇರುತ್ತದೆ. ಡಚ್ಚರ ನಕ್ಷತ್ರಾಕಾರದ ಪುಟ್ಟ ಕೋಟೆ 1760ರ ದಶಕದ್ದು. ದಂಗೆಯಲ್ಲಿ ದೊಡ್ಡ ಕೋಟೆ ಕೈತಪ್ಪಿ ಹೋದ ಮೇಲೆ ಭಯಕ್ಕೆ ಕಟ್ಟಿದ್ದು. ಆರು ಮೂಲೆ, ಸುತ್ತ ಕಂದಕ. ಹತ್ತು ನಿಮಿಷ ಸಾಕು.

ನಾನು ಕಾದಿದ್ದು ದೇವುಂದರಕ್ಕೆ. ದ್ವೀಪದ ತೆಂಕಣ ತುದಿ. ನಕ್ಷೆಯಲ್ಲಿ ದೊಂದ್ರ ಅಂತಿರುತ್ತದೆ. 49 ಮೀಟರ್ ಎತ್ತರದ ಬಿಳಿ ಎಂಟುಮೂಲೆ ಲೈಟ್‌ಹೌಸ್ 1890ರಿಂದ ಉರಿಯುತ್ತಿದೆ. ಅದರ ಬುಡದಲ್ಲಿ ತೆಂಗಿನ ಮರಗಳು, ಕಪ್ಪು ಬಂಡೆಗಳು, ಗಾಳಿ. ಅಲ್ಲಿಂದ ನೇರ ದಕ್ಷಿಣಕ್ಕೆ ಹೋದರೆ ಅಂಟಾರ್ಕ್ಟಿಕಾದವರೆಗೆ ಒಂದು ಚೂರೂ ನೆಲ ಇಲ್ಲ. ಗೊತ್ತಿದ್ದ ವಿಷಯವೇ, ಆದರೂ ಆ ಬಂಡೆಯ ಮೇಲೆ ನಿಂತಾಗ ಮೈ ಜುಮ್ಮೆಂದಿತು.

ಅಂಚಿನಲ್ಲಿ ಹಡಗುಗಳ ಸಾಲು ಕಾಣುತ್ತಿತ್ತು. ಏಷ್ಯಾದ ಪೂರ್ವಕ್ಕೂ ಸೂಯೆಜ್‌ಗೂ ನಡುವಿನ ಹಡಗುಗಳೆಲ್ಲ ಈ ತುದಿ ಸುತ್ತಿ ಹೋಗಬೇಕು. ಅದೇ ನೀರಿನಲ್ಲಿ ನೀಲಿ ತಿಮಿಂಗಿಲಗಳೂ ಇವೆ. ಮಿರಿಸ್ಸದಿಂದ ದೋಣಿಗಳು ಅವನ್ನು ತೋರಿಸಲು ಹೋಗುವುದು ನವೆಂಬರ್‌ನಿಂದ ಏಪ್ರಿಲ್‌ವರೆಗೆ. ಹಡಗಿಗೆ ಢಿಕ್ಕಿ ಹೊಡೆದು ತಿಮಿಂಗಿಲಗಳು ಸಾಯುವುದು ಇಲ್ಲಿನ ದೊಡ್ಡ ಸಂಕಟ. 2022ರಲ್ಲಿ ಎಂಎಸ್‌ಸಿ ಎಂಬ ದೊಡ್ಡ ಹಡಗು ಕಂಪನಿ ತಾನಾಗಿಯೇ ತನ್ನ ಹಡಗುಗಳ ದಾರಿಯನ್ನು ಇನ್ನಷ್ಟು ದಕ್ಷಿಣಕ್ಕೆ ಸರಿಸಿತು. ಉಳಿದವರೂ ಸರಿಸಬೇಕು. ಕೆಲವು ಮೈಲಿ ಸುತ್ತು ಹಾಕಿದರೆ ಅಷ್ಟು ದೊಡ್ಡ ಜೀವ ಉಳಿಯುತ್ತದೆ ಅಂದಾಗ ಲೆಕ್ಕ ನೋಡುವುದು ಸರಿಯಲ್ಲ.

ದೇವುಂದರದ ದೇವಸ್ಥಾನ ತೀರದಿಂದ ಸ್ವಲ್ಪ ಒಳಗಿದೆ. ಇಲ್ಲಿ ಉಪುಲ್ವನ್ ಅಂದರೆ ವಿಷ್ಣುವಿನ ಆರಾಧನೆ. 14ನೇ ಶತಮಾನದಲ್ಲಿ ಮೊರಾಕ್ಕೊದ ಯಾತ್ರಿಕ ಇಬ್ನ್ ಬತೂತ ಬಂದಾಗ ಆಳೆತ್ತರದ ಚಿನ್ನದ ಮೂರ್ತಿ ನೋಡಿದ್ದಾಗಿ, ಅದರ ಕಣ್ಣುಗಳು ಮಾಣಿಕ್ಯದವು ಎಂದು ಹೇಳಿದ್ದಾನೆ. 15ನೇ ಶತಮಾನದಲ್ಲಿ ಚೀನಾದ ಝೆಂಗ್ ಹೆ ನೌಕಾಯಾತ್ರೆಯಲ್ಲಿ ಬಂದು ಒಂದು ಶಾಸನ ನಿಲ್ಲಿಸಿದ. ಅದರಲ್ಲಿ ಮೂರು ಭಾಷೆ. ಚೀನೀ ಭಾಷೆಯಲ್ಲಿ ಬುದ್ಧನಿಗೆ ಕಾಣಿಕೆ, ತಮಿಳಿನಲ್ಲಿ ದೇವುಂದರದ ವಿಷ್ಣುವಿಗೆ, ಪರ್ಷಿಯನ್‌ನಲ್ಲಿ ಅಲ್ಲಾಹುವಿಗೆ. ಆ ಕಲ್ಲು 1911ರಲ್ಲಿ ಗಾಲೆಯ ಮೋರಿಯೊಂದರ ಮೇಲೆ ಮುಚ್ಚಿದ ಚಪ್ಪಡಿಯಾಗಿ ಸಿಕ್ಕಿತು. ಈಗ ಕೊಲಂಬೊದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿದೆ. ನಾವು ಗುರುವಾರವೇ ಅದನ್ನು ನೋಡಿ ಬಂದಿದ್ದೆವು. 1588ರಲ್ಲಿ ಪೋರ್ಚುಗೀಸರು ಹಳೆಯ ದೇವಾಲಯವನ್ನು ಸುಟ್ಟು ನೆಲಸಮ ಮಾಡಿದರು. ಅದೇ ವರ್ಷ ಗಾಲೆಯಲ್ಲಿ ಅವರ ಕೋಟೆ ಎದ್ದಿತು. ಈಗಿನ ಗುಡಿ ಆಮೇಲಿನದು. ಅಂಗಳದಲ್ಲಿ ಹಳೆಯ ಕಲ್ಲುಕಂಬಗಳು ಅಲ್ಲಲ್ಲಿ ನಿಂತಿವೆ. ಬುದ್ಧನಿಗೂ ವಿಷ್ಣುವಿಗೂ ಒಂದೇ ತಟ್ಟೆಯಲ್ಲಿ ಹೂ ಹಣ್ಣು ತಂದ ಹೆಂಗಸರು ಎರಡೂ ಕಡೆ ಇಟ್ಟು ಹೋಗುತ್ತಿದ್ದರು. ಅಕ್ಕನಿಗೂ ಒಬ್ಬ ಅಜ್ಜಿ ನೈದಿಲೆ ಹೂ ಕೊಟ್ಟರು.

ದಿಕ್ವೆಲ್ಲದ ವೆವುರುಕನ್ನಲ ವಿಹಾರಕ್ಕೆ ಸಂಜೆ ನಾಲ್ಕರ ಹೊತ್ತಿಗೆ ಬಂದೆವು. ಕೂತ ಬುದ್ಧ, 50 ಮೀಟರ್ ಎತ್ತರ. ಬೆನ್ನಿಗೆ ಒಂದು ಕಟ್ಟಡ ಆನಿಸಿದ್ದಾರೆ. ಅದರ ಮೆಟ್ಟಿಲು ಹತ್ತಿದರೆ ಗೋಡೆ ತುಂಬ ಬುದ್ಧನ ಬದುಕಿನ ಕಥೆ ಚೌಕ ಚೌಕವಾಗಿ ಬರೆದಿದೆ. ಕೆಳಗೆ ಪಾಪಕ್ಕೆ ತಕ್ಕ ಶಿಕ್ಷೆ ತೋರಿಸುವ ಬೊಂಬೆಗಳ ಸುರಂಗ. ಮಕ್ಕಳಿದ್ದರೆ ಅಲ್ಲಿಗೆ ಕರೆದೊಯ್ಯಬೇಡಿ ಅನ್ನುವಷ್ಟು ಕ್ರೂರವಾಗಿವೆ.

ಕುಡಾವೆಲ್ಲದ ಹುಮ್ಮಾನಯ ಮುಂದಿನದು. ಬಂಡೆಯ ಕೆಳಗಿನ ಸೀಳಿಗೆ ಅಲೆ ನುಗ್ಗಿ, ಹೋಗಲು ದಾರಿಯಿಲ್ಲದೆ ಮೇಲಿನ ತೂತಿನಿಂದ ಚಿಮ್ಮುತ್ತದೆ. ಮೊದಲು ನೆಲದೊಳಗಿನಿಂದ 'ಹೂಂ' ಎಂಬ ಶಬ್ದ ಬರುತ್ತದೆ. ಆಮೇಲೆ ನೀರು. ಮಾರ್ಚ್‌ನಲ್ಲಿ ಕಡಲು ಶಾಂತವಾದ್ದರಿಂದ ನಮಗೆ ಸಿಕ್ಕಿದ್ದು ಒಂದಾಳು ಎತ್ತರದ ಚಿಮ್ಮು ಮಾತ್ರ. ಮುಂಗಾರಿನಲ್ಲಿ ಇದು 25 ಮೀಟರ್ ಮೇಲಕ್ಕೂ ಹೋಗುತ್ತದೆ. ದಾರಿಯುದ್ದಕ್ಕೂ ಒಣಮೀನು ಹರಡಿದ್ದರು.

ತಂಗಲ್ಲೆಯಲ್ಲಿ ಸಾಮಾನು ಇಳಿಸಿ, ರಾತ್ರಿ ರೆಕಾವಕ್ಕೆ ಹೋದೆವು. ಐದು ಜಾತಿಯ ಕಡಲಾಮೆಗಳು ಮೊಟ್ಟೆ ಇಡಲು ಬರುವ ತೀರ. ಹಿಂದೆ ಮೊಟ್ಟೆ ಅಗೆದು ಮಾರುತ್ತಿದ್ದ ಊರಿನವರೇ ಈಗ ಕಾವಲು ಕಾಯುತ್ತಾರೆ. ಏಪ್ರಿಲ್‌ನಿಂದ ಜುಲೈವರೆಗೆ ಆಮೆಗಳು ಜಾಸ್ತಿ. ನಮಗೆ ಬಹಳ ಹೊತ್ತು ಕಾದ ಮೇಲೆ ಒಂದು ಹಸಿರು ಆಮೆ ಸಿಕ್ಕಿತು. ಮೊಟ್ಟೆ ಇಡಲು ಶುರುಮಾಡುವವರೆಗೂ ಹತ್ತಿರ ಬಿಡಲಿಲ್ಲ. ಬಿಳಿ ಬೆಳಕು ಹಾಕುವಂತಿಲ್ಲ, ಮಂಕಾದ ಕೆಂಪು ಟಾರ್ಚು ಮಾತ್ರ. ಹಿಂದಿನ ಕಾಲುಗಳಿಂದ ತೋಡಿದ ಗುಂಡಿಗೆ ಎರಡೆರಡಾಗಿ ಮೊಟ್ಟೆಗಳು ಬೀಳುತ್ತಿದ್ದವು. ಬಿದ್ದರೂ ಒಡೆಯುವುದಿಲ್ಲ, ಚಿಪ್ಪು ಮೆತ್ತಗಿರುತ್ತದೆ. ಆಮೇಲೆ ಮರಳು ಮುಚ್ಚಲು ಅರ್ಧ ಗಂಟೆಗೂ ಹೆಚ್ಚು ಹೊತ್ತು ತೆಗೆದುಕೊಂಡಿತು. ಹಾರಿದ ಮರಳು ನಮ್ಮ ಮುಖಕ್ಕೂ ಬಿತ್ತು. ಮಧ್ಯೆ ಮಧ್ಯೆ ನಿಂತು ದೊಡ್ಡ ಉಸಿರು ಬಿಡುತ್ತಿತ್ತು. "ಪಾಪ, ಎಷ್ಟು ಸುಸ್ತಾಗಿದೆ ನೋಡು" ಅಂತ ಅಕ್ಕ ಪಿಸುಗುಟ್ಟಿದಳು.

ಭಾನುವಾರ: ವಾಪಸ್

ಬೆಳಿಗ್ಗೆ ತಂಗಲ್ಲೆಯ ಮೀನು ಬಂದರಿಗೆ ಹೋದೆವು. ದೊಡ್ಡ ಸೂರೆ ಮೀನುಗಳನ್ನು ಹೆಗಲ ಮೇಲೆ ಹೊತ್ತು ಇಳಿಸುತ್ತಿದ್ದರು. ಇಲ್ಲೂ ಡಚ್ಚರ ಕೋಟೆ ಇದೆ. ಅದು ಈಗ ಜೈಲು, ಹಾಗಾಗಿ ಹೊರಗಿನಿಂದಲೇ ನೋಡಬೇಕು.

ವಾಪಸ್ ಬರುವುದಕ್ಕೆ ರೈಲು ಹಿಡಿದೆವು. ಕರಾವಳಿ ರೈಲು ಮಾರ್ಗ 1895ರಿಂದ ಮಾತರದಲ್ಲೇ ಕೊನೆಯಾಗುತ್ತಿತ್ತು. 2019ರಲ್ಲಿ ಬೆಲಿಅತ್ತವರೆಗೆ ಬಂದಿದೆ. ತಂಗಲ್ಲೆಯಿಂದ ಅಲ್ಲಿಗೆ ಅಯ್ಯಾ ಬಿಟ್ಟುಕೊಟ್ಟರು. ಕೊಲಂಬೊ ಕಡೆಗೆ ಹೋಗುವಾಗ ಎಡಗಡೆ ಕಿಟಕಿ ಹಿಡಿಯಿರಿ, ಸಮುದ್ರ ಆ ಕಡೆ. ಊರುಗಳ ಹೆಸರು ಈಗ ಉಲ್ಟಾ ಕ್ರಮದಲ್ಲಿ ಬರುತ್ತಿದ್ದವು. ರಸ್ತೆಯಿಂದ ಕಾಣದ ಹಿತ್ತಲುಗಳು, ಬಟ್ಟೆ ಒಣಹಾಕಿದ ಹಗ್ಗಗಳು, ಹಳಿಯ ಪಕ್ಕವೇ ಕ್ರಿಕೆಟ್ ಆಡುವ ಹುಡುಗರು ಕಂಡರು.

ಜುಲೈ, ಆಗಸ್ಟ್‌ನಲ್ಲಿ ದೇವುಂದರದಲ್ಲಿ ಪೆರಹೆರ ನಡೆಯುತ್ತದೆ. ಆನೆಗಳ ಮೆರವಣಿಗೆ, ಕುಣಿತ, ಪಂಜು. ಆಗ ಮುಂಗಾರು, ಈಜಲು ಆಗುವುದಿಲ್ಲ, ತಿಮಿಂಗಿಲದ ದೋಣಿಗಳೂ ಹೋಗುವುದಿಲ್ಲ. ಆದರೆ ಹುಮ್ಮಾನಯ ಪೂರ್ತಿ ಎತ್ತರಕ್ಕೆ ಚಿಮ್ಮುವುದು ಆಗಲೇ. ಮುಂದಿನ ಸಲ ಆ ಸಮಯಕ್ಕೇ ಬರೋಣ ಅಂತ ಅಕ್ಕ ಹಠ ಹಿಡಿದಿದ್ದಾಳೆ. ಭಾವ ಅಷ್ಟರಲ್ಲಿ ಗಾಲೆಯಲ್ಲಿ ಟೆಸ್ಟ್ ಇದೆಯಾ ಅಂತ ವೇಳಾಪಟ್ಟಿ ಹುಡುಕುತ್ತಿದ್ದ.